ಬೆಸುಗೆ ಹಚ್ಚಿದ ರೊಟ್ಟಿ ಡಬ್ಬಿ

ನಿನ್ನೆ ಹುಮನಾಬಾದಿನ ಬಜಾರಿನಲ್ಲಿ, ಮೊಬೈಲ್ ರಿಪೇರಿಯವನ ಅಂಗಡಿ ಮುಂದೆ ನನ್ನ ಕಾಲು ತಾವಾಗಿಯೇ ನಿಂತುಬಿಟ್ಟವು. ಫೋನು ಕೆಟ್ಟಿರಲಿಲ್ಲ. ಒಳಗೆ ಅವನು ಕಾದ ಸಲಾಕೆಯ ತುದಿಯನ್ನು ರಾಳಕ್ಕೆ ಮುಟ್ಟಿಸಿದ್ದ. ಸುಂಯ್ ಎಂದು ಎದ್ದ ಹೊಗೆ ಹೊರಗೆ ಬಂದು ಮೂಗಿಗೆ ಹತ್ತಿತು. ಎಪ್ಪತ್ತು ದಾಟಿದವರ ಮೂಗು ಬಲು ವಿಚಿತ್ರ ನೋಡಿ. ಒಲೆಯ ಮೇಲೆ ಹಾಲು ಉಕ್ಕಿ ಹೊತ್ತಿದರೂ ಗೊತ್ತಾಗುವುದಿಲ್ಲ, ಮೂವತ್ತು ನಲವತ್ತು ವರ್ಷದ ಹಿಂದಿನ ವಾಸನೆಯಾದರೆ ಥಟ್ಟನೆ ಹಿಡಿಯುತ್ತದೆ. "ಏನಾಗೇದರಿ ಸರ್ ಫೋನಿಗೆ?" ಎಂದು ಅಂಗಡಿಯವನು ಕೇಳಿದ. "ಏನೂ ಆಗಿಲ್ಲಪಾ, ವಾಸನಿ ತಗೊಳ್ಳಾಕತ್ತೀನಿ" ಅಂದೆ. ಆಗ ಅವನು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ವರ್ಣಿಸುವುದಿಲ್ಲ.

ಅದು ಹಲೀಮಾ ಖಾಲಾನ ಅಂಗಳದ ವಾಸನೆ. ಖಾಲಾ ಅಂದರೆ ಉರ್ದುವಿನಲ್ಲಿ ಚಿಕ್ಕಮ್ಮ, ನಮ್ಮ ಓಣಿಗೆಲ್ಲ ಅವಳು ಖಾಲಾ. ಬಸವಕಲ್ಯಾಣದಲ್ಲಿ ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ. ಖಾಲಾನ ಗಂಡ ಪಾತ್ರೆಗೆ ಕಲಾಯಿ ಹಾಕುವವರು, ಕೊಡ ಕಂದೀಲುಗಳಿಗೆ ಬೆಸುಗೆ ಹಚ್ಚುವವರು. ಅವರು ತೀರಿಕೊಂಡ ಮೇಲೆ ತಿದಿಯ ಮುಂದೆ ಖಾಲಾ ತಾನೇ ಕೂತಳು. ಹೆಣ್ಣುಮಗಳು ಬೆಸುಗೆ ಹಚ್ಚುವುದೆಂದರೇನು ಎಂದು ಓಣಿ ಎರಡು ದಿನ ಮಾತಾಡಿಕೊಂಡಿತು. ಮೂರನೆಯ ದಿನ ಸೋರುವ ಕೊಡ ಹಿಡಿದುಕೊಂಡು ಅವಳ ಬಾಗಿಲಿಗೇ ಬಂತು.

ಖಾಲಾಗೆ ಒಂದು ಚಟವಿತ್ತು. ಊರು ಬಿಟ್ಟು ಹೋಗುವ ಯಾವ ಡಬ್ಬಿಯನ್ನೂ ಬಾಯಿಗೆ ಬೆಸುಗೆ ಹಚ್ಚದೆ ಕಳಿಸುತ್ತಿರಲಿಲ್ಲ. ಹೈದರಾಬಾದಿನ ಮಗಳಿಗೆ ಹೋಗುವ ಉಪ್ಪಿನಕಾಯಿಯಿರಲಿ, ತುಪ್ಪವಿರಲಿ, ಮುಚ್ಚಳದ ಸುತ್ತ ಬೆಳ್ಳಿಯಂಥ ಗೆರೆ ಎಳೆದೇ ಕಳಿಸಬೇಕು. ನಾನು ಕಾಲೇಜಿಗೆಂದು ಗುಲ್ಬರ್ಗಾಕ್ಕೆ ಹೋದಾಗ ಅಮ್ಮ ಕೊಟ್ಟ ಶೇಂಗಾ ಹಿಂಡಿಯ ಡಬ್ಬಿಗೂ ಇದೇ ಗತಿ. ಹಾಸ್ಟೆಲಿನಲ್ಲಿ ಅದನ್ನು ಬಿಚ್ಚಲು ನಾಲ್ಕು ಜನ ಸೇರಿ ಕಲ್ಲು, ಕೀಲಿ, ಕೊನೆಗೆ ಮಂಚದ ಕಾಲು ಎಲ್ಲ ಬಳಸಿದೆವು. ಹಿಂಡಿ ಸಿಕ್ಕಿತು, ಆದರೆ ಮಂಚ ಆ ವರ್ಷವೆಲ್ಲ ಕುಂಟುತ್ತಿತ್ತು. ಊರಿಗೆ ಬಂದು ಜಗಳ ತೆಗೆದರೆ ಖಾಲಾ ನಕ್ಕಳು. "ಮುಚ್ಚಳಕ್ಕ ನಂಬಿಕಿ ಇಲ್ಲ ಬೇಟಾ. ಯಾರ ಬೇಕಾದ್ರೂ ತಗೀತಾರ. ಬೆಸಗಿ ಅಂದ್ರ ನಂಬಿಕಿ" ಅಂದಳು.

ಖಾಲಾಗೆ ಒಬ್ಬಳೇ ಅಕ್ಕ, ಜೈನಬ್; ಖಾಲಾ ಅವಳನ್ನು ಆಪಾ ಎನ್ನುತ್ತಿದ್ದಳು. ನಿಜಾಮನ ರಾಜ್ಯ ಮುಗಿದ ಆ ಗದ್ದಲದ ದಿನಗಳಲ್ಲಿ ಗಂಡನ ಹಿಂದೆ ಕರಾಚಿಗೆ ಹೋದವಳು ಮತ್ತೆ ಬಂದಿರಲಿಲ್ಲ. ಆಗ ಖಾಲಾಗೆ ಹದಿನೆಂಟು. ನಮ್ಮಮ್ಮ ಹೊಸದಾಗಿ ಮದುವೆಯಾಗಿ ಬಂದಿದ್ದಳಂತೆ, ಜೈನಬ್ ದಿನಾ ಗೋಡೆಯ ಆಚೆಯಿಂದ ಕೈ ಚಾಚಿ ಅಮ್ಮನ ಒಲೆಯ ರೊಟ್ಟಿ ಇಸಿದುಕೊಂಡು ತಿನ್ನುತ್ತಿದ್ದಳಂತೆ. ನಾನಿನ್ನೂ ಹುಟ್ಟಿರಲಿಲ್ಲ. ಆದರೂ ಜೈನಬ್ ನನಗೆ ಚೆನ್ನಾಗಿ ಗೊತ್ತು. ಅವಳ ಕಾಗದಗಳು ಉರ್ದುವಿನಲ್ಲಿ ಬರುತ್ತಿದ್ದವು, ಖಾಲಾಗೆ ಓದು ಬರದು. ನಿಜಾಮನ ಕಾಲದ ಶಾಲೆಯಲ್ಲಿ ಕಲಿತ ನಮ್ಮಪ್ಪನೇ ಹಣೆಗೆ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತು, ಗಟ್ಟಿಯಾಗಿ ಅವನ್ನು ಓದಿ ಹೇಳುತ್ತಿದ್ದ. ಕರಾಚಿಯ ಮದುವೆ ಮುಂಜಿ ಸುದ್ದಿಯೆಲ್ಲ ನಮ್ಮ ಓಣಿಗೆ ಬಾಯಿಪಾಠವಾಗಿತ್ತು.

ಪಂಜಾಬ ಹೊತ್ತಿ ಉರಿಯುತ್ತಿದ್ದ ವರ್ಷಗಳವು, ಎಂಬತ್ತರ ದಶಕದ ನಡುವೆ. ಒಂದು ದಿನ ಅಪ್ಪ ಕಾಗದ ಓದುತ್ತ ಓದುತ್ತ ದನಿ ತಗ್ಗಿಸಿದ. ಜೈನಬ್ ಬರೆದಿದ್ದಳು: ಕಣ್ಣು ಮಂಜಾಗುತ್ತ ಬಂದಿವೆ, ಡಾಕ್ಟರು ಕೈ ಚೆಲ್ಲಿದ್ದಾರೆ, ಪೂರ್ತಿ ಹೋಗುವುದರೊಳಗೆ ಒಮ್ಮೆ ನಿನ್ನ ಮುಖ ನೋಡಬೇಕು. ಬರುವಾಗ ನೀಲಮ್ಮನ ಕೈಯ ಕಡಕ್ ರೊಟ್ಟಿ ತಾ. ನೀಲಮ್ಮ ಎಂದರೆ ನಮ್ಮಮ್ಮ. ಅಮ್ಮ ಸೆರಗಿನಿಂದ ಕಣ್ಣೊರಸಿಕೊಂಡು ಆ ಸಂಜೆಯೇ ಜೋಳ ಹಸನು ಮಾಡಲು ಕೂತಳು.

ಖಾಲಾ ಯಾರ ಯಾರದೋ ಕಾಲು ಹಿಡಿದು, ಎಷ್ಟೋ ತಿಂಗಳು ಓಡಾಡಿ ವೀಸಾ ತಂದಳು. ಇಷ್ಟನೆಯ ತಾರೀಖಿನೊಳಗೆ ಗಡಿ ದಾಟಿರಬೇಕು ಎಂದು ಅದರಲ್ಲಿ ಬರೆದಿತ್ತು. ಹೊರಡಲು ಮೂರು ದಿನವಿದೆ ಎನ್ನುವಾಗ ರೇಡಿಯೋದಲ್ಲಿ ಸುದ್ದಿ ಬಂತು. ಬಾಂಬಿನ ಬೆದರಿಕೆ ಬಂದಿದೆ, ಪಂಜಾಬಿನಿಂದ ಪಾಕಿಸ್ತಾನಕ್ಕೆ ಗಡಿ ದಾಟುವ ರೈಲು ನಿಂತಿದೆ. ಇಂದು ಬಿಟ್ಟಾರು, ನಾಳೆ ಬಿಟ್ಟಾರು ಎಂದು ಕಾಯುತ್ತ ತಾರೀಖು ಮೀರಿ ಹೋಯಿತು. ಬೆಸುಗೆ ಹಚ್ಚಿ ಇಟ್ಟಿದ್ದ ಡಬ್ಬಿಯನ್ನು ತಿಂಗಳ ಮೇಲೆ ಒಡೆದರೆ ರೊಟ್ಟಿ ಒಂದೂ ಮೆತ್ತಗಾಗಿರಲಿಲ್ಲ. ಓಣಿಯ ಮಂದಿಯೆಲ್ಲ ತಿಂದೆವು. ಯಾರಿಗೂ ರುಚಿ ಹತ್ತಲಿಲ್ಲ. ಆ ಬಾಂಬು ಎಲ್ಲಿಯೂ ಸಿಡಿಯಲಿಲ್ಲವಂತೆ, ಸುಮ್ಮನೆ ಯಾರೋ ಫೋನು ಮಾಡಿದ್ದರಂತೆ. ಫೋನು ಇಟ್ಟವನು ಚಹಾ ಕುಡಿದು ಮರೆತಿರಬಹುದು. ಇಲ್ಲಿ ಖಾಲಾ ಮತ್ತೆ ಮೊದಲಿನಿಂದ ಅರ್ಜಿ ಬರೆಸಲು ಕೂತಳು, ಇನ್ನೊಂದು ವರ್ಷ ಹೋಯಿತು.

ಎರಡನೆಯ ವೀಸಾ ಬಂದಾಗ ಜೊತೆಗೆ ಹೋಗಲು ಜನವಿಲ್ಲ. ಹೈದರಾಬಾದಿನ ಅಳಿಯ, ಪಂಜಾಬೆಂದರೆ ನನ್ನ ಕೈಲಾಗದು ಎಂದು ಬರೆದ. ಅವನನ್ನು ಬೈಯುವಂತಿಲ್ಲ. ರೈಲೇ ಇಲ್ಲದ ನಮ್ಮ ಊರುಗಳಲ್ಲೂ ಆಗ ರೈಲಿನ ಭಯವಿತ್ತು. ರಾಜೇಶ್ವರದ ಬಸ್ ನಿಲ್ದಾಣದಲ್ಲಿ ಯಾರೋ ಮರೆತು ಹೋದ ಬುತ್ತಿಯ ಗಂಟನ್ನು ಮಂದಿ ಅರ್ಧ ದಿನ ದೂರ ನಿಂತು ನೋಡಿದ್ದರು, ಕೊನೆಗೆ ಒಂದು ಮೇಕೆ ಬಂದು ತಿಂದು ಹೋಯಿತು. ಅಮ್ಮ ನನ್ನ ಕಡೆ ತಿರುಗಿ, "ನೀ ಹೋಗಿ ಗಾಡಿ ಹತ್ತಿಸಿ ಬಾ. ಹಿಂದಿ ಮಾಸ್ತರ ಇದ್ದಿ, ಮತ್ತ್ಯಾತಕ್ಕ ಇದ್ದಿ?" ಅಂದಳು. ನಾನು ಆಗ ಹುಮನಾಬಾದಿನ ಶಾಲೆಯಲ್ಲಿ ಹಿಂದಿ ಕಲಿಸುತ್ತಿದ್ದೆ. ಪರೀಕ್ಷೆ ಕಟ್ಟಿ ಪಾಸಾದ ಹಿಂದಿ ನನ್ನದು. ಹಿಂದಿ ಆಡುವವರನ್ನು ನಾನಿನ್ನೂ ನೋಡಿರಲಿಲ್ಲ ಎಂಬುದನ್ನು ಅಮ್ಮನಿಗೆ ಹೇಳಲು ನಾಚಿಕೆಯಾಯಿತು.

ರಜೆಯ ಅರ್ಜಿ ನೋಡಿ ಹೆಡ್‌ಮಾಸ್ತರರು ಕನ್ನಡಕ ತೆಗೆದರು. "ಕಾರಣ ಅಂತ ಏನ ಬರದೀರಿ ಇದು? 'ರೊಟ್ಟಿ ಮುಟ್ಟಿಸುವುದಕ್ಕಾಗಿ'?"

"ಖರೆನೇ ಅದರಿ ಸರ್."

"ಖರೆ ಇದ್ರ ಏನಾತ್ರಿ? ಹೊಟ್ಟಿನೋವು ಅಂತ ಬರೀರಿ. ಸರ್ಕಾರಕ್ಕ ಅದು ತಿಳೀತದ."

ಅಮ್ಮ ನಾರಾಯಣಪುರದಿಂದ ತರಿಸಿದ ಬಿಳಿಜೋಳದ ಹಿಟ್ಟಿನಲ್ಲಿ, ಡಬ್ಬಿಯ ಅಳತೆಗೆ ಸರಿಯಾಗಿ, ಎಳ್ಳು ಹಚ್ಚಿ ನಲವತ್ತು ರೊಟ್ಟಿ ಬಡಿದಳು. ಒಂದೊಂದನ್ನೂ ಕೆಂಡದ ಮುಂದೆ ನಿಲ್ಲಿಸಿ ಕಡಕ್ ಮಾಡಿದಳು. ಮೇಲೊಂದು ಶೇಂಗಾ ಹಿಂಡಿಯ ಪೊಟ್ಟಣ ಇಟ್ಟಳು. ಚೌಕಾಕಾರದ ಎಣ್ಣೆ ಡಬ್ಬಿ ಅದು, ತೊಳೆದು ಬಿಸಿಲಿಗಿಟ್ಟು ಲಕಲಕ ಮಾಡಿದ್ದು. ಆಮೇಲೆ ಖಾಲಾ ಬಂದು, ಬಾಯಿಗೆ ತಗಡು ಮುಚ್ಚಿ, ಸುತ್ತಲೂ ಬೆಸುಗೆ ಎಳೆದಳು. ದೇಶವೆಲ್ಲ ಬಾಂಬಿನ ಮಾತಾಡುವ ಹೊತ್ತಿನಲ್ಲಿ, ಹಿಡಿ ಇಲ್ಲದ, ಹೆಸರಿಲ್ಲದ, ಯಾರೂ ಬಿಚ್ಚಲಾಗದ ಒಂದು ತಗಡಿನ ಡಬ್ಬಿ ಮಾಡಿ ಗಡಿಗೆ ಒಯ್ಯುತ್ತಿದ್ದೇವೆ ಎಂಬುದು ನಮ್ಮಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ನಾನಂತೂ ಪತ್ರಿಕೆ ಓದುವವನು. ನಾನು ಮಾಡಿದ್ದೇನೆಂದರೆ, ಬೆಸುಗೆ ಆರುವವರೆಗೆ ಡಬ್ಬಿಯನ್ನು ಅಲುಗದಂತೆ ಹಿಡಿದುಕೊಂಡಿದ್ದೆ.

ದೆಹಲಿಯವರೆಗೆ ತೊಂದರೆಯಾಗಲಿಲ್ಲ. ಅಲ್ಲಿಂದ ಮುಂದಿನ ಗಾಡಿಯಲ್ಲಿ ಕೂತಾಗಲೇ, ಅನುಮಾನದ ವಸ್ತು ಕಂಡರೆ ಮುಟ್ಟಬೇಡಿ ಎಂದು ಧ್ವನಿವರ್ಧಕ ಹೇಳುತ್ತಿತ್ತು. ಎದುರಿಗಿದ್ದ ಗೃಹಸ್ಥ ಡಬ್ಬಿಯಲ್ಲಿ ಏನಿದೆ ಎಂದು ಕೇಳಿದ. ರೊಟ್ಟಿ ಅಂದೆ. ಅವನು ಬೆಸುಗೆಯ ಗೆರೆಯನ್ನು ನೋಡಿದ, ನನ್ನನ್ನು ನೋಡಿದ, ಮೆಲ್ಲಗೆ ತನ್ನ ಚೀಲ ತೆಗೆದುಕೊಂಡು ಎದ್ದು ಹೋದ. ಅವನ ಹಿಂದೆ ಇನ್ನಿಬ್ಬರು ಹೋದರು. ಒಂದು ತಾಸಿನಲ್ಲಿ ಎಂಟು ಜನ ಕೂಡುವ ಜಾಗದಲ್ಲಿ ನಾವಿಬ್ಬರೇ. ಖಾಲಾ ಕಾಲು ಚಾಚಿ ಮಲಗಿ, "ಪಂಜಾಬಿನ ಮಂದಿ ಭಾಳ ಚಲೋ ಬೇಟಾ. ಮುದುಕಿ ಅದಾಳಂತ ಹ್ಯಾಂಗ ಜಾಗಾ ಬಿಟ್ಟಕೊಟ್ರು ನೋಡು" ಅಂದಳು. ನಾನು ಹೌದು ಅಂದೆ.

ಗಡಿಯ ನಿಲ್ದಾಣ ಮುಟ್ಟಿದಾಗ ಮುಂಜಾನೆ. ಪ್ಲಾಟ್‌ಫಾರ್ಮಿನ ತುಂಬ ಮರಳಿನ ಮೂಟೆ, ಬಂದೂಕು, ಮತ್ತು ಜನ. ಗಡಿ ದಾಟುವ ರೈಲು ನಿಂತಿದೆ, ಹತ್ತಲು ಬಿಡುತ್ತಿಲ್ಲ. ಮತ್ತೆ ಬೆದರಿಕೆ ಬಂದಿತ್ತಂತೆ. ಪ್ರತಿಯೊಂದು ಗಂಟನ್ನೂ ಬಿಚ್ಚಿ ನೋಡಬೇಕು, ಒಂದು ಉಳಿದರೂ ಗಾಡಿ ಬಿಡುವುದಿಲ್ಲ ಎಂದರು. ಖಾಲಾನ ವೀಸಾದ ತಾರೀಖಿಗೆ ಉಳಿದದ್ದು ಎರಡು ದಿನ. ಈ ಗಾಡಿ ತಪ್ಪಿದರೆ ಮುಂದಿನದು ಯಾವಾಗ ಎಂದು ಕೇಳಿದರೆ ಎಲ್ಲರೂ ಆಕಾಶ ನೋಡುತ್ತಿದ್ದರು. ಖಾಲಾನ ಬೆರಳಲ್ಲಿ ತಸ್ಬಿಯ, ಅವಳ ಜಪಮಾಲೆಯ, ಮಣಿಗಳು ಜೋರಾಗಿ ಓಡುತ್ತಿದ್ದವು.

ನಮ್ಮ ಸರದಿ ಬಂತು. ಬಿಳಿ ಗಡ್ಡದ ಸರ್ದಾರ್ಜಿ ಒಬ್ಬರು ಅಧಿಕಾರಿ. ಡಬ್ಬಿಯನ್ನು ನೋಡಿ ಅವರ ಹುಬ್ಬು ಮೇಲೇರಿತು. ಇದೇ ನನ್ನ ಹೊತ್ತು ಎಂದುಕೊಂಡು ನಾನು ಮುಂದೆ ಬಂದು, ಎದೆ ಸೆಟೆಸಿ, ನನ್ನ ಪರೀಕ್ಷೆಯ ಹಿಂದಿಯಲ್ಲಿ ಹೇಳಿದೆ: "ಮಹೋದಯ, ಇಸ್ ಪಾತ್ರ ಮೇಂ ಕೋಈ ವಿಸ್ಫೋಟಕ ಪದಾರ್ಥ ನಹೀಂ ಹೈ." ಈ ಪಾತ್ರೆಯಲ್ಲಿ ಯಾವ ಸ್ಫೋಟಕ ವಸ್ತುವೂ ಇಲ್ಲ ಎಂದು. ಮುಂಜಾನೆಯಿಂದ ಆ ಪ್ಲಾಟ್‌ಫಾರ್ಮಿನಲ್ಲಿ ನೂರಾರು ಜನ ಯಾವ ಮಾತನ್ನು ಬಾಯಿಗೆ ತರದೆ ಎಚ್ಚರದಿಂದಿದ್ದರೋ ಅದನ್ನು ನಾನು ಸ್ಪಷ್ಟ ಉಚ್ಚಾರದಲ್ಲಿ ಆಡಿದ್ದೆ. ನನ್ನ ಸುತ್ತ ರಾಶಿ ಮಾಡುವ ಕಣದಷ್ಟು ಜಾಗ ಖಾಲಿಯಾಯಿತು.

ಇಬ್ಬರು ಸಿಪಾಯಿಗಳು ಡಬ್ಬಿಯನ್ನು ತುದಿಗಾಲಲ್ಲಿ ಒಯ್ದು ದೂರದ ಮರಳಿನ ಮೂಟೆಗಳ ಹಿಂದೆ ಇಟ್ಟರು. ಮೂಸುವ ನಾಯಿ ಬಂತು. ಖಾಲಾನ ಬೆಸುಗೆಯಿಂದ ವಾಸನೆ ಹೊರಗೆ ಬಂದರಲ್ಲವೇ? ನಾಯಿ ಒಮ್ಮೆ ಸುತ್ತಿ, ಆಕಳಿಸಿ ಕೂತಿತು. ಬಿಚ್ಚುವ ತಜ್ಞರು ಊರೊಳಗಿಂದ ಬರಬೇಕು, ಸಂಜೆಯಾಗಬಹುದು, ಅಲ್ಲಿಯವರೆಗೆ ಗಾಡಿ ಹೋಗುವುದಿಲ್ಲ ಎಂದರು ಸರ್ದಾರ್ಜಿ. ಇಲ್ಲವಾದರೆ ಡಬ್ಬಿಯನ್ನು ಹೊಲದಲ್ಲಿಟ್ಟು ಗುಂಡು ಹೊಡೆಸುತ್ತೇನೆ ಎಂದೂ ಹೇಳಿದರು. ಪ್ರಯಾಣಿಕರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಅದನ್ನು ಖಾಲಾಗೆ ಕನ್ನಡದಲ್ಲಿ ತಿಳಿಸಿದೆ.

"ಏನಂದಿ? ನೀಲಮ್ಮಕ್ಕನ ಕೈ ರೊಟ್ಟಿಗೆ ಗುಂಡ ಹೊಡೀತಾರಂತೇನು?" ಖಾಲಾ ತಸ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ನೆಟ್ಟಗೆ ಸರ್ದಾರ್ಜಿಯ ಮುಂದೆ ಹೋಗಿ ನಮ್ಮ ಕಲ್ಯಾಣದ ದಖನಿ ಉರ್ದುವಿನಲ್ಲಿ, "ಮೈಚ್ ಲಗಾಯಿ ಬೇಟಾ, ಮೈಚ್ ಖೋಲ್ತೂಂ" ಅಂದಳು. ನಾನೇ ಹಚ್ಚಿದ್ದು, ನಾನೇ ಬಿಚ್ಚುತ್ತೇನೆ. ನನ್ನ ಹಿಂದಿಗೆ ಮುಖ ಗಂಟಿಕ್ಕಿದ್ದ ಮನುಷ್ಯನಿಗೆ ಈ ಮಾತು ಥಟ್ಟನೆ ತಿಳಿಯಿತು. ಸ್ವಲ್ಪ ಹೊತ್ತು ಗಡ್ಡ ನೀವಿಕೊಂಡು, ಏನು ಬೇಕು ಎಂದು ಕೇಳಿದರು. ಖಾಲಾ ಚಹಾದವನ ಕೆಂಡ ತುಂಬಿದ ಸಿಗಡಿಯ ಕಡೆ ಬೆರಳು ತೋರಿಸಿದಳು.

ಸಿಗಡಿ ಬಂತು. ಹಳಿ ನೋಡುವವನ ಕೈಯಿಂದ ಒಂದು ಕಬ್ಬಿಣದ ಸಲಾಕೆ ಬಂತು. ಎಲ್ಲರನ್ನೂ ಹಿಂದೆ ಸರಿಸಿದರು. ಆ ಖಾಲಿ ಜಾಗದ ನಡುವೆ ಖಾಲಾ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಅಂಗಳದಲ್ಲಿ ಕೂತ ಹಾಗೆ ಕೂತಳು. ಸಲಾಕೆ ಕೆಂಪಾಗುವುದನ್ನು ನೋಡುತ್ತ, "ಬೇಟಾ, ಬಾ ಇಲ್ಲಿ. ಡಬ್ಬಿ ಅಲಗತದ, ಹಿಡಕೋ" ಎಂದು ಕರೆದಳು.

ಇಲ್ಲಿ ನಾನೊಂದು ನಿಜ ಹೇಳಲೇಬೇಕು. ನನ್ನ ಕಾಲು ಏಳಲಿಲ್ಲ. ಆ ಡಬ್ಬಿಯೊಳಗೆ ನಮ್ಮಮ್ಮ ಒಂದೊಂದೇ ರೊಟ್ಟಿ ಇಡುವುದನ್ನು ಕಣ್ಣಾರೆ ಕಂಡವನು ನಾನು. ಆದರೂ ಅಷ್ಟು ಬಂದೂಕು, ಅಷ್ಟು ಮರಳಿನ ಮೂಟೆ, ಅಷ್ಟು ಜನರ ಮುಖ ನೋಡಿದ ಮೇಲೆ, ಏನೋ ಇದ್ದರೂ ಇದ್ದೀತು ಎನ್ನಿಸಿತು. ಬೆದರಿಕೆಯ ಕೆಲಸವೇ ಅದು. ಹೆತ್ತ ತಾಯಿಯ ರೊಟ್ಟಿಗೂ ಅಂಜುವ ಹಾಗೆ ಮಾಡುತ್ತದೆ. "ಬರತಿಯೋ ಇಲ್ಲೋ?" ಎಂದು ಖಾಲಾ ಗದರಿದಳು. ನಾಚಿಕೆ ಅಂಜಿಕೆಗಿಂತ ದೊಡ್ಡದಾಯಿತು. ಹೋಗಿ ಎದುರಿಗೆ ಕೂತು ಡಬ್ಬಿ ಹಿಡಿದುಕೊಂಡೆ.

ಬೆಸುಗೆ ಕರಗಿ ಹನಿಹನಿಯಾಗಿ ಇಳಿಯಿತು. ಖಾಲಾ ಸೆರಗಿನಿಂದ ತಗಡು ಎತ್ತಿದಳು. ಹುರಿದ ಎಳ್ಳಿನ ವಾಸನೆ ಪ್ಲಾಟ್‌ಫಾರ್ಮಿಗೆಲ್ಲ ಹಬ್ಬಿತು, ನಾಯಿ ಎದ್ದು ನಿಂತು ಬಾಲ ಆಡಿಸಿತು. ಸರ್ದಾರ್ಜಿ ಒಂದು ರೊಟ್ಟಿ ಎತ್ತಿ ಎರಡು ಕೈಯಿಂದ ಮುರಿದರು. ಕಟ್! ಆ ಸಪ್ಪಳಕ್ಕೆ ಹಿಂದಿದ್ದ ಇಬ್ಬರು ಸಿಪಾಯಿಗಳು ಬೆಚ್ಚಿ ಬಂದೂಕು ಎತ್ತಿದರು. ಸರ್ದಾರ್ಜಿ ನಕ್ಕ ನಗೆಗೆ ಮೊದಲು ಸಿಪಾಯಿಗಳು, ಆಮೇಲೆ ಜನ, ಕೊನೆಗೆ ನಾನೂ ನಕ್ಕೆ. ಹಿಂಡಿ ಹಚ್ಚಿಕೊಂಡು ತಿಂದ ಅವರಿಗೆ ಕಣ್ಣಲ್ಲಿ ನೀರು ಬಂತು. ಖಾರ ಎಂದು ಹೇಳಿ ಒರಸಿಕೊಂಡರು. ಮುಂಜಾನೆಯಿಂದ ಹಸಿದಿದ್ದ ಮಂದಿ ಸುಮ್ಮನೆ ನೋಡುತ್ತಿದ್ದರು. "ಹಸಿದವರ ಮುಂದ ಡಬ್ಬಿ ಮುಚ್ಚಬಾರದು" ಎಂದು ಖಾಲಾ ಹತ್ತು ರೊಟ್ಟಿ ಮುರಿದು ಹಂಚಿದಳು.

ಆಮೇಲೆ ಇಳಿದ ಬೆಸುಗೆಯ ಹನಿಗಳನ್ನು ಆರಿಸಿಕೊಂಡು ಮತ್ತೆ ಸಲಾಕೆ ಕೆಂಡಕ್ಕಿಟ್ಟಳು. ನಾನು ಗಾಬರಿಯಾದೆ. "ಖಾಲಾ, ಮತ್ತ ಬೆಸಗಿ ಹಚ್ಚಬ್ಯಾಡ! ಆ ಕಡಿ ಪೊಲೀಸರೂ ಹಿಂಗೇ ಬಿಚ್ಚಸ್ತಾರ."

"ಬಿಚ್ಚಸಲಿ. ಅವರ ಹತ್ತಿರ ಇದ್ದಲಿ ಸಿಗಡಿ ಇರಂಗಿಲ್ಲೇನು?"

ಸರ್ದಾರ್ಜಿಗೆ ನಾನು ಅರ್ಥ ಹೇಳಬೇಕಾಗಿ ಬರಲಿಲ್ಲ. ತಾವೇ ಕೂತು ಡಬ್ಬಿ ಹಿಡಿದುಕೊಂಡರು. ಮಧ್ಯಾಹ್ನ ಗಾಡಿ ಹೊರಟಿತು. ಖಾಲಾ ಕಿಟಕಿಯಲ್ಲಿ ಡಬ್ಬಿಯನ್ನು ಕೂಸಿನಂತೆ ಅವಚಿಕೊಂಡು ಕೂತಿದ್ದಳು. ಗಾಡಿ ಕಣ್ಣಿಗೆ ಕಾಣದಾದ ಮೇಲೂ ನಾನು ಬಹಳ ಹೊತ್ತು ಅಲ್ಲಿಯೇ ನಿಂತಿದ್ದೆ.

ಒಂದೂವರೆ ತಿಂಗಳಿಗೆ ಖಾಲಾ ಊರಿಗೆ ಬಂದಳೆಂದು ತಿಳಿದು, ರವಿವಾರ ಹುಮನಾಬಾದಿನಿಂದ ಓಡಿ ಬಂದೆ. ಅಪ್ಪ, ಅಮ್ಮ ಆಗಲೇ ಅವಳ ಅಂಗಳದಲ್ಲಿ ಕೂತಿದ್ದರು. ಅಮ್ಮ ಮೊದಲು ಕೇಳಿದ್ದು ರೊಟ್ಟಿಯನ್ನೇ. "ಒಂದೂ ಮೆತ್ತಗಾಗಿದ್ದಿಲ್ಲ ನೀಲಮ್ಮಕ್ಕಾ" ಎಂದಳು ಖಾಲಾ. ಆಮೇಲೆ ಅಪ್ಪ, "ಜೈನಬ್ ಹ್ಯಾಂಗ ಅದಾಳ? ಗುರ್ತ ಹಿಡಿದಳೇನು?" ಎಂದು ಕೇಳಿದ.

ಖಾಲಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಹೇಳಿದಳು. ಬಾಗಿಲಲ್ಲಿ ಅಕ್ಕ ಎರಡೂ ಕೈ ಮುಂದೆ ಚಾಚಿಕೊಂಡು ನಿಂತಿದ್ದಳು. ಕಣ್ಣು ಪೂರ್ತಿ ಹೋಗಿ ಮೂರು ತಿಂಗಳಾಗಿತ್ತು, ಸುದ್ದಿ ತಿಳಿದರೆ ತಂಗಿ ಬರುವುದನ್ನೇ ಬಿಟ್ಟಾಳೆಂದು ಯಾರೂ ಬರೆದಿರಲಿಲ್ಲ. ಮೊದಲ ವೀಸಾಕ್ಕೆ ಹೋಗಿದ್ದರೆ, ಮಂಜು ಮಂಜಾಗಿಯಾದರೂ ನೋಡುತ್ತಿದ್ದಳು. ಅಮ್ಮ ಅಳಲು ಶುರುಮಾಡಿದಳು. ನನಗೆ ಆ ಫೋನು ಮಾಡಿದವನ ಮೇಲೆ ಎಂಥ ಸಿಟ್ಟು ಬಂತೆಂದರೆ, ಇವತ್ತಿಗೂ ಅದು ಪೂರ್ತಿ ಇಳಿದಿಲ್ಲ. ಸಿಡಿಯದ ಬಾಂಬಿನಿಂದ ಏನೂ ಹಾನಿಯಾಗಲಿಲ್ಲ ಎಂದು ಪತ್ರಿಕೆಗಳು ಬರೆದಿದ್ದವು.

ಖಾಲಾ ಮಾತ್ರ ಅಳಲಿಲ್ಲ. "ಯಾಕ ಅಳತಿ ನೀಲಮ್ಮಕ್ಕಾ? ಕೇಳಿಲ್ಲಿ. ಆಪಾ ನನ್ನ ಮಾರಿ ಮ್ಯಾಲ ಎಲ್ಲಾ ಕಡಿ ಕೈ ಆಡಿಸಿದಳು. ಸುಕ್ಕು ಆಕಿ ಕೈಗಿ ಹತ್ಯಾವ, ನನಗ ಗೊತ್ತದ. ಆದ್ರ ಏನಂದಳು? 'ಹಂಗೇ ಇದ್ದೀಯಲ್ಲ ಹಲೀಮಾ, ಸ್ವಲ್ಪೂ ಬದಲಾಗಿಲ್ಲ' ಅಂದಳು. ನಾನೂ ಹೂಂ ಅಂದೆ. ತಿಂಗಳ ತನಕ ಆ ಮನ್ಯಾಗ ನಾ ಹದಿನೆಂಟು ವರ್ಷದಾಕಿ ಆಗಿದ್ದೆ ನೋಡು. ಓಡಬ್ಯಾಡ, ಬೀಳತಿ, ಅಂತ ಬೈತಿದ್ದಳು!" ಹೀಗೆ ಹೇಳಿ ಖಾಲಾ ನಕ್ಕಳು. ಅಮ್ಮನೂ ಅಳುತ್ತಲೇ ನಕ್ಕಳು. ಅವರಿಬ್ಬರೂ ನಗುವುದನ್ನು ನೋಡಲಾಗದೆ ಅಪ್ಪ ಎದ್ದು ಮನೆಗೆ ಹೋದ.

ಅವರು ಮೂವರೂ ಈಗಿಲ್ಲ. ಆ ರೈಲೂ ಈಗ ಓಡುವುದಿಲ್ಲ. ಹುಮನಾಬಾದಿಗೇ ರೈಲು ಬಂದಿದೆ. ಮೊಬೈಲ್ ಅಂಗಡಿಯಿಂದ ಮನೆಗೆ ಬಂದು ಇದನ್ನೆಲ್ಲ ಮೆಲುಕು ಹಾಕುತ್ತ ಕೂತಾಗ ಒಂದು ಮಾತು ಚುಚ್ಚಿತು. ಸೋಲಾಪುರದಲ್ಲಿ ನನಗೂ ಒಬ್ಬಳು ತಂಗಿ ಇದ್ದಾಳೆ. ಬಸ್ಸಿನಲ್ಲಿ ಮೂರು ನಾಲ್ಕು ತಾಸಿನ ದಾರಿ. ವೀಸಾ ಬೇಡ, ಯಾರೂ ಚೀಲ ಬಿಚ್ಚಿಸುವುದಿಲ್ಲ, ಯಾರೂ ಬೆದರಿಕೆ ಹಾಕಿಲ್ಲ. ನಾನು ಅವಳ ಮುಖ ನೋಡಿ ನಾಲ್ಕು ವರ್ಷವಾಗಿದೆ. ಕಾರಣ ಕೇಳಿದರೆ ಹೆಡ್‌ಮಾಸ್ತರರು ಹೇಳಿಕೊಟ್ಟ ಹೊಟ್ಟೆನೋವೂ ನನ್ನ ಹತ್ತಿರ ಇಲ್ಲ.

ಫೋನು ಮಾಡಿದೆ. ನಾಳೆ ಬರುತ್ತೇನೆ ಅಂದೆ.

ಆ ಕಡೆಯಿಂದ ಗಾಬರಿಯ ದನಿ. "ಯಾಕೋ ಅಣ್ಣಾ? ಯಾರು ಹೋದ್ರು?"

"ಯಾರೂ ಹೋಗಿಲ್ಲವಾ. ನಿನ್ನ ಮಾರಿ ನೋಡಬೇಕಾಗೇದ."

"ಸುಮ್ಮನ?"

"ಸುಮ್ಮನ."

ಅವಳು ಮೂಗು ಏರಿಸಿಕೊಂಡ ಸಪ್ಪಳ ಕೇಳಿತು. "ಬಾ ಹಂಗಾದ್ರ" ಅಂದಳು. "ಮುಂದಿನ ಹಲ್ಲು ಎರಡು ಬಿದ್ದಾವ, ಈಗ ಹೇಳಿ ಇಟ್ಟೀನಿ. ನೋಡಿ ನಗಬ್ಯಾಡ."